ಅಣ್ಣ-ತಮ್ಮಂದಿರ ಓಲೆಗಳು

ಸಾಹಿತ್ಯದ ಇತಿಹಾಸವನ್ನು ಬರೆಯುವವರು ಅಚ್ಚಾದ ಪುಸ್ತಕಗಳನ್ನು ನೋಡುವರು. ಆ ಪುಸ್ತಕಗಳು ಹುಟ್ಟುವದಕ್ಕೆ ಮೊದಲು ಮನೆಯಿಂದ ಮನೆಗೆ ಓಡಾಡಿದ ಕಾಗದಗಳನ್ನು ನೋಡುವವರು ವಿರಳ. ‘ಉಭಯ ಕುಶಲೋಪರಿ’ ಎಂದು ಆರಂಭವಾಗಿ, ಮಳೆ-ಬೆಳೆಯ ಸುದ್ದಿಯನ್ನು ಹೇಳಿ, ಕೊನೆಗೆ ತಾನು ಬರೆದ ನಾಲ್ಕು ಸಾಲುಗಳನ್ನು ಅಂಜುತ್ತಂಜುತ್ತ ಅಣ್ಣನ ಮುಂದಿರಿಸುವ ತಮ್ಮನ ಪತ್ರವೂ ಸಾಹಿತ್ಯದ ಕಡತಕ್ಕೆ ಸೇರತಕ್ಕದ್ದೆಂಬುದು ನಮ್ಮ ಅಭಿಪ್ರಾಯವು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಇಂಥ ಪತ್ರಕ್ಕೆ ವಿಶೇಷವಾದ ಬೆಲೆಯಿರುವದು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ 19ನೆಯ ಶತಮಾನದ ಮಧ್ಯದವರೆಗೂ ಶಾಲೆ-ಕಚೇರಿಗಳಲ್ಲಿ ಮರಾಠಿಯದೇ ಮೇಲುಗೈ. ಕಡತಗಳಿಗೆ ಮೋಡಿ ಲಿಪಿ. ಮನೆಯಲ್ಲಿ ಕನ್ನಡದಲ್ಲಿ ಜಗಳಾಡಿದ ಅಣ್ಣ-ತಮ್ಮಂದಿರು ದೂರವಾದ ಮೇಲೆ ಮರಾಠಿಯಲ್ಲಿ ಕುಶಲ ಕೇಳಿಕೊಳ್ಳುವ ವಿಚಿತ್ರ ಸ್ಥಿತಿಗೆ ಅಂದಿನ ಕಲಿಕೆಯೇ ದಾರಿಮಾಡಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿದ ಮೇಲೆಯೇ ತಾಯ್ನುಡಿಯು ಕಾಗದದ ಮೇಲೆ ಮೆಲ್ಲಮೆಲ್ಲನೆ ಮರಳಿತು. ಆದುದರಿಂದ ಭಾಷಾಂತರವೆಂಬುದು ಈ ಭಾಗದವರಿಗೆ ಪಂಡಿತರ ವಿನೋದವಾಗಿರಲಿಲ್ಲ, ನಿತ್ಯದ ವ್ಯವಹಾರವಾಗಿತ್ತು.

ಧಾರವಾಡದ ಗೆಳೆಯರ ಗುಂಪನ್ನೇ ನೋಡಿರಿ. ಬೇಂದ್ರೆಯವರು 1896ರಲ್ಲಿ, ಗೋಕಾಕ ತಾಲೂಕಿನ ಬೆಟಗೇರಿಯ ಕೃಷ್ಣಶರ್ಮರು 1900ರಲ್ಲಿ, ಮುಗಳಿಯವರು 1906ರಲ್ಲಿ, ವಿನಾಯಕ ಗೋಕಾಕರು 1909ರಲ್ಲಿ ಜನಿಸಿದವರು. ಒಂದು ತುಂಬಿದ ಮನೆಯ ಅಣ್ಣ-ತಮ್ಮಂದಿರಿಗೆ ಇರುವಷ್ಟೇ ಅಂತರ! ಬೇಂದ್ರೆಯವರ ಮನೆಮಾತು ಮರಾಠಿ. ಕಾವ್ಯದ ಮಾತು ಕನ್ನಡ. ‘ಆನಂದಕಂದ’ರೆಂದು ಹೆಸರಾದ ಶರ್ಮರು ತಮ್ಮ ಹಳ್ಳಿಯ ಮಾತಿನ ಜೀವವನ್ನು ‘ಮುದ್ದನ ಮಾತು’ ಎಂಬ ಸಂಗ್ರಹದಲ್ಲಿ ಕವಿತೆಯಾಗಿಸಿದರು. 1938ರಲ್ಲಿ ‘ಜಯಂತಿ’ ಮಾಸಪತ್ರಿಕೆಯನ್ನು ಆರಂಭಿಸಿ ಇತರರ ಬರಹಕ್ಕೂ ಎಡೆಮಾಡಿದರು. ರಕ್ತಸಂಬಂಧವಿಲ್ಲದಿದ್ದರೂ ಇವರದು ಒಡಹುಟ್ಟಿದವರ ಬಳಗವೇ ಸರಿ.

ಒಡಹುಟ್ಟಿದವನು ವಿಮರ್ಶಕನಿಗಿಂತ ಮೇಲೇಕೆ? ವಿಮರ್ಶಕನು ವ್ಯಾಕರಣವನ್ನೂ ಛಂದಸ್ಸನ್ನೂ ಬಲ್ಲನು. ಅಣ್ಣನಾದರೋ ‘ನಮ್ಮವ್ವ ಹೀಗೆ ಅಂತಿರಲಿಲ್ಲ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡಬಲ್ಲನು. ‘ಮುಗಿಲು’ ಎಂಬ ಶಬ್ದವನ್ನು ತೆಗೆದುಕೊಳ್ಳೋಣ. ಗ್ರಂಥಗಳಲ್ಲಿ ಮುಗಿಲೆಂದರೆ ಮೋಡ. ಗೋಕಾಕದ ಒಕ್ಕಲಿಗನ ಬಾಯಲ್ಲಿ ಮುಗಿಲೆಂದರೆ ಆಕಾಶ. ಕಾಳಿದಾಸನ ಮೇಘವನ್ನು ಕನ್ನಡಕ್ಕೆ ತರುವವನು ಇವೆರಡರಲ್ಲಿ ಯಾವುದನ್ನು ಹಿಡಿಯಬೇಕು? ನಿಘಂಟು ಎರಡನ್ನೂ ಕೊಟ್ಟು ಸುಮ್ಮನಾಗುವದು. ಒಂದೇ ಅಂಗಳದಲ್ಲಿ ನಿಂತು ಮಳೆಯ ದಾರಿ ಕಾದವನು ಮಾತ್ರ ಉತ್ತರ ಹೇಳಬಲ್ಲನು. ಬೇಂದ್ರೆಯವರ ‘ಕನ್ನಡ ಮೇಘದೂತ’ವು 1943ರಲ್ಲಿ ಪ್ರಕಟವಾಯಿತು. ಸಂಸ್ಕೃತದ ಮಹಾಕವಿಯನ್ನು ಕನ್ನಡದ ಲಯದಲ್ಲಿ ನಡೆಯಿಸಿದ ಆ ಕೆಲಸದ ಹಿಂದೆ ಇಂಥ ನೂರಾರು ಶಬ್ದಗಳ ತೂಕವಿರುವದರಲ್ಲಿ ಸಂಶಯವಿಲ್ಲ.

ಈ ನೆಲದ ನುಡಿಯು ಬಡವಾದುದಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಬಯಲಿಗೆ ತಂದ ಕುಲಗೋಡ ತಮ್ಮಣ್ಣನದು ಮೂಡಲಗಿಯ ಸೀಮೆ. ಬಸವರಾಜ ಕಟ್ಟೀಮನಿಯವರು 1919ರಲ್ಲಿ ಗೋಕಾಕ ತಾಲೂಕಿನ ಮಲಾಮರಡಿಯಲ್ಲಿಯೂ, ಚಂದ್ರಶೇಖರ ಕಂಬಾರರು 1937ರಲ್ಲಿ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿಯೂ ಜನಿಸಿದರು. ಕಂಬಾರರು ಊರಿನ ಮಾತನ್ನೇ ಕಾವ್ಯಕ್ಕೂ ನಾಟಕಕ್ಕೂ ಏರಿಸಿ, 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ಘಟಪ್ರಭೆಯ ದಂಡೆಯ ಮಾತು ಅಚ್ಚಿಗೆ ಅಯೋಗ್ಯವೆಂದು ಇನ್ನು ಯಾರು ಹೇಳಬಲ್ಲರು?

ಆದರೆ ಪುಸ್ತಕಗಳು ಉಳಿದಂತೆ ಓಲೆಗಳು ಉಳಿಯುವದಿಲ್ಲ. ಇದಕ್ಕೆ ಒಂದು ಸಹಜವಾದ ಕಾರಣವೂ ಉಂಟು. ಅಣ್ಣ ಬರೆದುದು ತಮ್ಮನ ಮನೆಯಲ್ಲಿ, ತಮ್ಮ ಬರೆದುದು ಅಣ್ಣನ ಮನೆಯಲ್ಲಿ ಇರುವದರಿಂದ, ಒಂದು ಮನೆಯ ಗಂಟು ಹಾಳಾದರೆ ಇನ್ನೊಂದರಲ್ಲಿ ಪ್ರಶ್ನೆಯಿಲ್ಲದ ಉತ್ತರ ಮಾತ್ರ ಉಳಿಯುವದು. ಪಾಲಾಗುವಾಗ ಹೊಲಕ್ಕೆ ಸರಹದ್ದು ಹಾಕುವರು, ತಾಮ್ರದ ಹಂಡೆಯನ್ನು ತೂಗುವರು. ಕಾಗದದ ಗಂಟಿಗೆ ಮಾತ್ರ ಪಾಲು ಕೇಳುವವರಿಲ್ಲ. ಅದು ಅಟ್ಟದಲ್ಲಿ ಗೆದ್ದಲಿಗೆ, ಇಲ್ಲವೆ ಒಲೆಗೆ ಸೇರುವದು.

ಆದುದರಿಂದ ಈ ಮೂರೂ ತಾಲೂಕುಗಳ ವಾಚನಾಲಯಗಳೂ ಕಾಲೇಜುಗಳೂ ಮನೆಮನೆಯ ಹಳೆಯ ಓಲೆಗಳನ್ನು ಮನೆಯವರ ಒಪ್ಪಿಗೆಯಿಂದ ನಕಲು ಮಾಡಿ, ಮೂಲವನ್ನು ಮನೆಯವರಿಗೇ ಮರಳಿಸಿ, ಎರಡು ಮನೆಗಳ ಗಂಟುಗಳನ್ನು ತಾರೀಖಿನ ಪ್ರಕಾರ ಜೋಡಿಸಬೇಕು. ಮೋಡಿಯನ್ನು ಓದಬಲ್ಲ ಹಿರಿಯರು ಇರುವಾಗಲೇ ಅವರಿಂದ ಓದಿಸಿಕೊಳ್ಳಬೇಕು. ಮನೆಯನ್ನು ಹಂಚಿಕೊಂಡವರ ಮಾತುಕತೆಯಾದರೂ ಹೀಗೆ ಮತ್ತೆ ಒಂದೆಡೆ ಕೂಡಲಿ.