ಬ್ಯಾಕ್ಟೀರಿಯಾ ಮೈಗಂಟಿದಾಗ ಬಾಯಿಬಿಟ್ಟ ಬೂಷ್ಟು

ವೈದ್ಯಲೋಕ ಬೂಷ್ಟಿಗೆ ದೊಡ್ಡ ಸಾಲಗಾರ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡ ಪೆನಿಸಿಲಿನ್, ಕೊಲೆಸ್ಟರಾಲ್ ಇಳಿಸುವ ಲೋವಾಸ್ಟಾಟಿನ್, ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೊರಿನ್, ಎಲ್ಲವೂ ಶಿಲೀಂಧ್ರಗಳಿಂದಲೇ ಬಂದವು. ಆದರೆ ಬರಬರುತ್ತಾ ಎಷ್ಟು ಹುಡುಕಿದರೂ ಹಳೆಯ ಸಂಯುಕ್ತಗಳೇ ಮತ್ತೆ ಮತ್ತೆ ಕೈಗೆ ಸಿಗತೊಡಗಿದವು.

2005ರಲ್ಲಿ ಆಸ್ಪರ್ಜಿಲಸ್ ನಿಡುಲನ್ಸ್ ಎಂಬ ಬೂಷ್ಟಿನ ಜೀನೋಮ್ ಪ್ರಕಟವಾದಾಗ ಲೆಕ್ಕ ತಲೆಕೆಳಗಾಯಿತು. ಇಂಥ ರಾಸಾಯನಿಕಗಳನ್ನು ತಯಾರಿಸುವ ಜೀನ್‌ಗಳು ಸಾಮಾನ್ಯವಾಗಿ ಗುಂಪುಗೂಡಿ ಅಕ್ಕಪಕ್ಕದಲ್ಲೇ ಇರುತ್ತವೆ. ಅಂಥ ಗುಂಪುಗಳು, ಈ ಬೂಷ್ಟಿನಿಂದ ಅದುವರೆಗೆ ಸಿಕ್ಕಿದ್ದ ಸಂಯುಕ್ತಗಳಿಗಿಂತ ಎಷ್ಟೋ ಹೆಚ್ಚಿದ್ದವು. ಹೆಚ್ಚಿನವು ಪ್ರಯೋಗಾಲಯದಲ್ಲಿ ತೆಪ್ಪಗಿದ್ದವು. ಇರದೇನು? ತಟ್ಟೆಯಲ್ಲಿ ಬೇಕಾದಷ್ಟು ಆಹಾರ, ಸುತ್ತ ಒಬ್ಬ ವೈರಿಯೂ ಇಲ್ಲ.

ಜರ್ಮನಿಯ ಯೇನಾ ನಗರದಲ್ಲಿ ಆಕ್ಸೆಲ್ ಬ್ರಾಖಾಗೆ, ಕ್ರಿಶ್ಚಿಯನ್ ಹೆರ್ಟ್‌ವೆಕ್ ಮತ್ತು ಸಂಗಡಿಗರು ಮೊದಲು ಒಳಗಿನಿಂದಲೇ ಕೈಹಾಕಿದರು. ಮೌನವಾಗಿದ್ದ ಒಂದು ಗುಂಪಿನ ನಿಯಂತ್ರಕ ಜೀನನ್ನು ಬೇಕೆಂದಾಗ ಚಾಲೂ ಆಗುವಂತೆ ಜೋಡಿಸಿದಾಗ, ಆಸ್ಪಿರಿಡೋನ್ ಎಂಬ ಹೊಸ ಸಂಯುಕ್ತಗಳು ಹೊರಬಂದವು. ಅದು 2007ರ ಮಾತು.

2009ರ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಬೂಷ್ಟಿನ ಜೊತೆ ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಬೆಳೆಸಿ ನೋಡಿದರು. ಒಟ್ಟು 58 ಬಗೆ. ಅವುಗಳಲ್ಲಿ ಒಂದು ಸ್ಟ್ರೆಪ್ಟೋಮೈಸಿಸ್ ಮಾತ್ರ ಮಲಗಿದ್ದ ಒಂದು ಗುಂಪನ್ನು ಎಬ್ಬಿಸಿತು. ನಡುವೆ ತೆಳುಪೊರೆ ಇಟ್ಟರೆ ಏನೂ ಆಗಲಿಲ್ಲ. ಬ್ಯಾಕ್ಟೀರಿಯಾದ ಎಳೆಗಳು ಬೂಷ್ಟಿನ ಎಳೆಗಳಿಗೆ ತಾಗಲೇಬೇಕಿತ್ತು. ಆಗ ಹುಟ್ಟಿದ್ದು ಆರ್ಸೆಲಿನಿಕ್ ಆಮ್ಲ ಮತ್ತು ಅದರ ನೆಂಟರು. ಇವು ಕಲ್ಲುಹೂಗಳಲ್ಲಿ ಕಾಣುವ ಬಗೆಯವು. ಮಸಾಲೆ ಪುಡಿಗೆ ಬೀಳುವ ಕಲ್ಲುಹೂವೂ ಶಿಲೀಂಧ್ರ ಮತ್ತು ಪಾಚಿಯ ಕೂಡುಸಂಸಾರವೇ ಅಲ್ಲವೇ!

ಮುಟ್ಟಿದರೆ ಒಳಗೆ ಆಗುವುದೇನು ಎಂಬುದಕ್ಕೆ 2011ರಲ್ಲಿ ಸುಳಿವು ಸಿಕ್ಕಿತು. ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನಿಗೆ ಬಿಗಿಯಾಗಿ ಸುತ್ತಿಕೊಂಡಿರುವಷ್ಟು ಕಾಲ ಅಲ್ಲಿನ ಜೀನ್‌ಗಳನ್ನು ಓದುವುದು ಕಷ್ಟ. ಹಿಸ್ಟೋನಿಗೆ ಅಸಿಟೈಲ್ ಎಂಬ ರಾಸಾಯನಿಕ ತುಣುಕು ಅಂಟಿದರೆ ಆ ಹಿಡಿತ ಸಡಿಲವಾಗುತ್ತದೆ. ಬ್ಯಾಕ್ಟೀರಿಯಾ, ಬೂಷ್ಟಿನದೇ ಕಿಣ್ವದಿಂದ ಈ ಕೆಲಸ ಮಾಡಿಸಿಕೊಳ್ಳುತ್ತದೆ. ಅಸಿಟೈಲ್ ಕಳಚದಂತೆ ತಡೆಯುವ ಔಷಧವನ್ನು ನೇರವಾಗಿ ಸುರಿದರೂ ಕೆಲವು ಶಿಲೀಂಧ್ರಗಳು ಹೊಸದೇನನ್ನಾದರೂ ಕೊಡುತ್ತವೆ. ಅಮೆರಿಕದ ರಾಬರ್ಟ್ ಸಿಚೆವಿಚ್ ತಂಡ 2008ರಲ್ಲೇ ಇದನ್ನು ತೋರಿಸಿತ್ತು.

ಎಬ್ಬಿಸಿದ್ದೆಲ್ಲ ಮದ್ದಾಗುವುದಿಲ್ಲ, ಕೆಲವು ವಿಷ, ಕೆಲವು ಚಿಟಿಕೆಯಷ್ಟೂ ಸಿಗದವು. ಜಗ್ಗದ ಜೀನ್‌ಗುಂಪನ್ನು ಇಡಿಯಾಗಿ ಕಿತ್ತು ಬೇರೆ ಬೂಷ್ಟಿಗೆ ಸಾಗಿಸುವುದೂ ಉಂಟು. ಅದಕ್ಕೆ ಹೆಚ್ಚಾಗಿ ಆರಿಸುವುದು ಜಪಾನಿನವರು ಸೋಯಾ ಸಾಸ್ ಹುದುಗಿಸಲು ಬಳಸುವ ಆಸ್ಪರ್ಜಿಲಸ್ ಒರೈಜೆಯನ್ನು. ಅದನ್ನು ಸಾಕಿ ಬೆಳೆಸುವುದು ಸುಲಭ, ತನ್ನದೇ ರಾಸಾಯನಿಕಗಳ ಗದ್ದಲವೂ ಅದರಲ್ಲಿ ಕಡಿಮೆ.