ಮುಷ್ಟಿಯುದ್ಧದ ಕಣದಲ್ಲಿ ಮನೆಯ ಮಗಳು: ಮೇರಿ ಕೋಮ್

ಮಗಳು ಆಟದ ಮೈದಾನಕ್ಕೆ ಹೊರಟು ನಿಂತಾಗ ಮನೆಯ ಹಿರಿಯರ ಬಾಯಿಂದ ಹೊರಡುವ ಮೊದಲ ಪ್ರಶ್ನೆ ಯಾವುದೆಂಬುದನ್ನು ನಾವೆಲ್ಲರೂ ಬಲ್ಲೆವು. 'ಗೆದ್ದು ಬರುವೆಯಾ ಮಗಳೇ?' ಎಂದು ಕೇಳುವವರು ವಿರಳ. 'ಮುಖಕ್ಕೋ ಕೈಕಾಲಿಗೋ ಪೆಟ್ಟಾದರೆ ನಾಳೆ ನಿನ್ನ ಕೈ ಹಿಡಿಯುವವರಾರು?' ಎಂದೇ ನಾವು ಕೇಳುತ್ತೇವೆ. ಈ ಪ್ರಶ್ನೆಯ ಹಿಂದಿರುವುದು ದ್ವೇಷವಲ್ಲ, ಮಮತೆಯೇ ಸರಿ. ಆದರೆ ಮಮತೆಯಿಂದ ಹುಟ್ಟಿದ ಭಯವು ಅದೆಷ್ಟೋ ಹೆಣ್ಣುಮಕ್ಕಳ ಹೆಜ್ಜೆಯನ್ನು ಹೊಸ್ತಿಲಲ್ಲಿಯೇ ತಡೆದು ನಿಲ್ಲಿಸಿದೆ ಎಂಬುದೂ ಅಷ್ಟೇ ಸತ್ಯ. ಇದೇ ಪ್ರಶ್ನೆಯನ್ನು ತಂದೆಯ ಬಾಯಿಂದ ಕೇಳಿಯೂ ಆರು ಬಾರಿ ವಿಶ್ವ ಚಾಂಪಿಯನ್ ಆದ ಮಣಿಪುರದ ಮೇರಿ ಕೋಮ್ ಅವರ ಜೀವನವನ್ನು ನಮ್ಮ ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಗದ್ದೆಯಿಂದ ಕಣಕ್ಕೆ

ಮೇರಿ ಕೋಮ್ ಜನಿಸಿದ್ದು 1982ರಲ್ಲಿ, ಮಣಿಪುರದ ಚುರಾಚಾಂದ್‌ಪುರ ಜಿಲ್ಲೆಯ ಕಾಂಗಾಥೇಯಿ ಎಂಬ ಪುಟ್ಟ ಗ್ರಾಮದಲ್ಲಿ. ತಂದೆ ತಾಯಿ ಅನ್ಯರ ಭೂಮಿಯಲ್ಲಿ ದುಡಿದು ಜೀವನ ಸಾಗಿಸುತ್ತಿದ್ದ ಬಡ ಕೃಷಿಕರು. ಹಿರಿಯ ಮಗಳಾದ ಮೇರಿ ಗದ್ದೆಯ ಕೆಲಸದಲ್ಲಿ ಅವರಿಗೆ ನೆರವಾಗುತ್ತ, ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತ ಬೆಳೆದರು. ಮೊಯಿರಾಂಗಿನ ಶಾಲೆಯಲ್ಲಿ ಓದುತ್ತಿದ್ದಾಗ ಓಟ ಮತ್ತು ಜಾವೆಲಿನ್ ಎಸೆತದಲ್ಲಿ ಅವರಿಗೆ ಆಸಕ್ತಿ ಇತ್ತು.

1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಮಣಿಪುರದವರೇ ಆದ ಡಿಂಗ್ಕೊ ಸಿಂಗ್ ಬಾಕ್ಸಿಂಗ್‌ನಲ್ಲಿ ಸ್ವರ್ಣಪದಕ ಗಳಿಸಿದರು. ಆ ಗೆಲುವು ಇಡೀ ರಾಜ್ಯದ ತರುಣರನ್ನು ಬಾಕ್ಸಿಂಗ್‌ನತ್ತ ಸೆಳೆಯಿತು. ಮೇರಿಯ ಮನಸ್ಸೂ ಅತ್ತ ತಿರುಗಿತು. ಅವರು ಇಂಫಾಲಕ್ಕೆ ತೆರಳಿ ಕೋಸನಾ ಮೈತೇಯಿ ಎಂಬ ತರಬೇತುದಾರರಲ್ಲಿ ಅಭ್ಯಾಸವನ್ನಾರಂಭಿಸಿದರು. ಮನೆಯವರಿಗೆ ಮಾತ್ರ ಈ ವಿಷಯವನ್ನು ತಿಳಿಸಲಿಲ್ಲ. 2000ದಲ್ಲಿ ರಾಜ್ಯ ಚಾಂಪಿಯನ್‌ಶಿಪ್ ಗೆದ್ದಾಗ ಪತ್ರಿಕೆಯಲ್ಲಿ ಅಚ್ಚಾದ ಚಿತ್ರದಿಂದಲೇ ತಂದೆಗೆ ಸಂಗತಿ ಗೊತ್ತಾಯಿತು.

ತಂದೆ ಸಿಟ್ಟಾದರು. ತಾರುಣ್ಯದಲ್ಲಿ ತಾವೇ ಕುಸ್ತಿಪಟುವಾಗಿದ್ದವರು ಅವರು. ಆಟದ ಸೊಗಸನ್ನು ಅರಿಯದವರಲ್ಲ. ಆದರೂ ಮಗಳ ಮುಖಕ್ಕೆ ಪೆಟ್ಟಾದರೆ ಮದುವೆಯಾಗುವುದು ಕಷ್ಟವೆಂಬ ಚಿಂತೆ ಅವರನ್ನು ಕಾಡಿತು. ಕುಸ್ತಿಯ ಗಾಯ ಗಂಡುಮಗನಿಗೆ ಭೂಷಣವಾಗುವುದಾದರೆ ಹೆಣ್ಣುಮಗಳಿಗೆ ಮಾತ್ರ ಅದು ಕಳಂಕವಾಗುವುದೇಕೆ? ಈ ಪ್ರಶ್ನೆಯನ್ನು ನಾವು ಮಣಿಪುರದ ಒಬ್ಬ ತಂದೆಗಷ್ಟೇ ಕೇಳಿ ಸುಮ್ಮನಿರುವಂತಿಲ್ಲ. ಕೊನೆಗೆ ಮಗಳ ಹಟವನ್ನೂ ನಿಷ್ಠೆಯನ್ನೂ ಕಂಡು ಆ ತಂದೆ ಒಪ್ಪಿಗೆ ನೀಡಿದರು. ಅವರು ಮನಸ್ಸು ಬದಲಿಸಿದ ಆ ಗಳಿಗೆಯೇ ಈ ಕಥೆಯ ಮೊದಲ ಗೆಲುವೆಂದು ನಾವು ಭಾವಿಸುತ್ತೇವೆ.

ಪದಕಗಳ ಸಾಲು

ಮಹಿಳೆಯರ ಪ್ರಥಮ ವಿಶ್ವ ಬಾಕ್ಸಿಂಗ್ ಚಾಂಪಿಯನ್‌ಶಿಪ್ ನಡೆದದ್ದು 2001ರಲ್ಲಿ, ಅಮೆರಿಕದ ಸ್ಕ್ರಾಂಟನ್ ನಗರದಲ್ಲಿ. ಒಲಿಂಪಿಕ್ ಕ್ರೀಡೆಗಳಲ್ಲಿ ಆಗ ಮಹಿಳೆಯರ ಬಾಕ್ಸಿಂಗ್‌ಗೆ ಸ್ಥಾನವೇ ಇರಲಿಲ್ಲ. ಹಾಗಾಗಿ ಈ ಆಟವನ್ನು ನೆಚ್ಚಿದ ಹುಡುಗಿಗೆ ಮುಂದೆ ಕೀರ್ತಿಯಾಗಲಿ ಜೀವನಾಧಾರವಾಗಲಿ ಸಿಗುವುದೆಂಬ ಭರವಸೆಯೂ ಇರಲಿಲ್ಲ. ಅಂತಹ ಕಾಲದಲ್ಲಿ ಮೇರಿ ಸ್ಕ್ರಾಂಟನ್ನಿನಿಂದ 48 ಕೆ.ಜಿ. ವಿಭಾಗದ ರಜತಪದಕದೊಡನೆ ಮರಳಿದರು. ಮರುವರ್ಷ ಟರ್ಕಿಯ ಅಂಟಾಲ್ಯದಲ್ಲಿ ಅವರಿಗೆ ಮೊದಲ ವಿಶ್ವ ಸ್ವರ್ಣ ಲಭಿಸಿತು.

2005ರಲ್ಲಿ ಓನ್ಲರ್ ಕೋಮ್ ಅವರೊಡನೆ ಮೇರಿಯ ವಿವಾಹ ನೆರವೇರಿತು. ಇಲ್ಲಿಗೆ ಆಟ ಮುಗಿಯಿತೆಂದೇ ಹಲವರು ಭಾವಿಸಿದ್ದರು. ಆದರೆ ಅದೇ ವರ್ಷ ರಷ್ಯದ ಪೊಡೋಲ್ಸ್ಕ್‌ನಲ್ಲಿಯೂ 2006ರಲ್ಲಿ ದೆಹಲಿಯಲ್ಲಿಯೂ ಅವರು ವಿಶ್ವ ಸ್ವರ್ಣ ಗೆದ್ದರು. 2007ರಲ್ಲಿ ಅವಳಿ ಗಂಡುಮಕ್ಕಳು ಜನಿಸಿದರು. ಮಕ್ಕಳಿಗೆ ವರ್ಷ ತುಂಬಿ ಕೆಲವೇ ತಿಂಗಳುಗಳು ಕಳೆದಿದ್ದಾಗ, 2008ರಲ್ಲಿ, ಚೀನದ ನಿಂಗ್ಬೊ ನಗರದಲ್ಲಿ ಆ ತಾಯಿ ನಾಲ್ಕನೆಯ ಬಾರಿ ವಿಶ್ವ ಚಾಂಪಿಯನ್ ಆದರು. 2010ರಲ್ಲಿ ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ಐದನೆಯ ಸ್ವರ್ಣ ಬಂದಿತು.

ಬಾಣಂತನ ಮುಗಿಸಿದ ದೇಹವನ್ನು ಮರಳಿ ಕಣಕ್ಕೆ ಅಣಿಗೊಳಿಸುವುದು ಸಾಮಾನ್ಯ ಸಾಧನೆಯಲ್ಲ. ತಾಯಿ ತರಬೇತಿ ಶಿಬಿರದಲ್ಲಿದ್ದಾಗ ಎಳೆಯ ಕೂಸುಗಳನ್ನು ಎತ್ತಿ ಆಡಿಸುವವರು ಮನೆಯಲ್ಲಿರಬೇಕು. ಆ ವರ್ಷಗಳಲ್ಲಿ ಪತಿ ಆ ಹೊಣೆಯನ್ನು ಹೊತ್ತರು. ಈ ದಾಂಪತ್ಯ ಮುಂದೆ 2023ರಲ್ಲಿ ಕೊನೆಗೊಂಡಿತು. ಆದರೆ ಅಂದು ದೊರೆತ ಆಸರೆಯ ಬೆಲೆ ಅದರಿಂದ ಕಡಿಮೆಯಾಗದು. ಸೊಸೆಯ ಸಾಧನೆಯನ್ನು ಹೊಗಳುವ ಮನೆಗಳು ಹಲವಿರಬಹುದು, ಆಕೆಯ ಕೂಸನ್ನು ಎತ್ತಿಕೊಳ್ಳಲು ಮುಂದಾಗುವ ಮನೆಗಳೆಷ್ಟು ಎಂಬುದನ್ನು ನಾವು ಯೋಚಿಸಬೇಕು.

ಲಂಡನ್ನಿನ ಆ ದಿನಗಳು

ಮಹಿಳೆಯರ ಬಾಕ್ಸಿಂಗ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರ್ಪಡೆಯಾಯಿತು. ಆದರೆ ಅಲ್ಲಿದ್ದುದು 51, 60 ಮತ್ತು 75 ಕೆ.ಜಿ.ಗಳ ಮೂರು ವಿಭಾಗಗಳು ಮಾತ್ರ. 46 ಮತ್ತು 48 ಕೆ.ಜಿ. ವಿಭಾಗಗಳಲ್ಲಿ ಗೆಲ್ಲುತ್ತ ಬಂದ ಮೇರಿ 51 ಕೆ.ಜಿ. ವಿಭಾಗಕ್ಕೆ ಏರಲೇಬೇಕಾಯಿತು. ಮೂರು ಕೆ.ಜಿ. ಎಂದರೆ ನಮಗೆ ಅಲ್ಪವೆನಿಸಬಹುದು. ಕಣದಲ್ಲಿ ಹಾಗಲ್ಲ. ಎದುರಾಳಿಗಳು ಹೆಚ್ಚು ಎತ್ತರ, ಅವರ ತೋಳು ಹೆಚ್ಚು ಉದ್ದ, ಹೊಡೆತವೂ ಹೆಚ್ಚು ಭಾರ. ಗಿಡ್ಡ ದೇಹದವರು ವೇಗದಿಂದ ಒಳನುಗ್ಗಿ ಹೊಡೆದು, ಪೆಟ್ಟು ತಾಗುವ ಮುನ್ನ ಹೊರಬರಬೇಕು. ಎರಡು ನಿಮಿಷಗಳ ನಾಲ್ಕು ಸುತ್ತುಗಳುದ್ದಕ್ಕೂ ಈ ವೇಗ ಕುಗ್ಗಬಾರದು.

ಆಗಸ್ಟ್ 5ರಂದು ಪೋಲೆಂಡಿನ ಕರೋಲಿನಾ ಮಿಹಾಲ್ಚುಕ್ ಅವರನ್ನು ಮೇರಿ 19-14 ಅಂಕಗಳಿಂದ ಸೋಲಿಸಿದರು. ಅಂದು ಅವರ ಅವಳಿ ಮಕ್ಕಳ ಐದನೆಯ ಹುಟ್ಟುಹಬ್ಬ. ಮಕ್ಕಳಿದ್ದುದು ತಾಯ್ನಾಡಿನಲ್ಲಿ, ತಾಯಿ ಇದ್ದುದು ಲಂಡನ್ನಿನ ಕಣದಲ್ಲಿ. ಸೆಮಿಫೈನಲ್‌ನಲ್ಲಿ ಬ್ರಿಟನ್ನಿನ ನಿಕೋಲಾ ಆಡಮ್ಸ್ ಎದುರು 11-6ರಿಂದ ಸೋತು ಅವರು ಕಂಚಿನ ಪದಕದೊಡನೆ ಮರಳಿದರು. ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು.

2013ರಲ್ಲಿ ಮೂರನೆಯ ಮಗನ ಜನನವಾಯಿತು. 2014ರ ಇಂಚೆನ್ ಏಷ್ಯನ್ ಕ್ರೀಡಾಕೂಟದಲ್ಲಿ ಅವರಿಗೆ ಮತ್ತೆ ಸ್ವರ್ಣ ಒಲಿಯಿತು. 2018ರ ನವೆಂಬರ್ 24ರಂದು ದೆಹಲಿಯಲ್ಲಿ ಉಕ್ರೇನಿನ ಹನ್ನಾ ಒಖೋಟಾ ಅವರನ್ನು ಮಣಿಸಿ ಆರನೆಯ ವಿಶ್ವ ಸ್ವರ್ಣವನ್ನು ಗಳಿಸಿದಾಗ ಅವರು ಮೂವರು ಮಕ್ಕಳ ತಾಯಿ. 2019ರ ಕಂಚೂ ಸೇರಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರ ಪದಕಗಳು ಎಂಟು. ಸರ್ಕಾರವು 2006ರಲ್ಲಿ ಪದ್ಮಶ್ರೀ, 2013ರಲ್ಲಿ ಪದ್ಮಭೂಷಣ, 2020ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನಿತ್ತು ಅವರನ್ನು ಗೌರವಿಸಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೊಲಂಬಿಯಾದ ಇಂಗ್ರಿಟ್ ವಲೆನ್ಸಿಯಾ ಎದುರು ಅವರು ಸೋಲನ್ನನುಭವಿಸಿದರು.

ಪ್ರಶ್ನೆ ಇನ್ನೂ ಉಳಿದಿದೆ

ಮೇರಿಯ ನಂತರ ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದರು. ಬಾಲ್ಯದಲ್ಲಿ ಮಗಳ ಮುಖದ ಗಾಯವನ್ನು ಕಂಡು ಅವರ ತಾಯಿಯೂ ಮದುವೆಯ ಚಿಂತೆಯಿಂದ ಕಣ್ಣೀರಿಟ್ಟಿದ್ದರು. ಊರು ಬೇರೆ, ಭಾಷೆ ಬೇರೆ, ಮತ ಬೇರೆ. ಹೆತ್ತವರ ಭಯ ಮಾತ್ರ ಒಂದೇ! ಅಲ್ಲಿ ಮಗಳ ಬೆನ್ನಿಗೆ ನಿಂತವರು ತಂದೆ.

ನಮ್ಮ ಮನೆಯ ಎಲ್ಲ ಹೆಣ್ಣುಮಕ್ಕಳೂ ಬಾಕ್ಸಿಂಗ್ ಕಲಿಯಲಿ ಎಂಬುದು ನಮ್ಮ ಆಶಯವಲ್ಲ. ಎಲ್ಲರಿಗೂ ಪದಕ ಸಿಗುವುದೂ ಇಲ್ಲ. ಪೆಟ್ಟಿನ ಭಯವೂ ಸುಳ್ಳಲ್ಲ. ಆದುದರಿಂದಲೇ ಕೇಳಬೇಕಾದ ಪ್ರಶ್ನೆಗಳನ್ನು ಕೇಳೋಣ. ಗುರುಗಳು ನುರಿತವರೇ? ತಲೆಗೆ, ಹಲ್ಲಿಗೆ ರಕ್ಷಣೆಯ ಸಾಧನಗಳಿವೆಯೇ? ಗಾಯವಾದರೆ ವೈದ್ಯರು ಸಮೀಪದಲ್ಲಿರುವರೇ? ಇವು ಮಗಳನ್ನು ಕಾಪಾಡುವ ಪ್ರಶ್ನೆಗಳು. 'ನಾಳೆ ನಿನ್ನ ಕೈ ಹಿಡಿಯುವವರಾರು?' ಎಂಬ ಪ್ರಶ್ನೆ ಆಕೆಯನ್ನು ಕಾಪಾಡುವುದಿಲ್ಲ, ಮನೆಯೊಳಗೆ ಕೂಡಿಹಾಕುತ್ತದೆ.

ಕಾಂಗಾಥೇಯಿಯ ಆ ಬಡ ಕೃಷಿಕ ತನ್ನ ಭಯವನ್ನು ಬದಿಗಿರಿಸಿ ಮಗಳಿಗೆ ದಾರಿ ಬಿಟ್ಟುಕೊಟ್ಟರು. ಅವರ ಬಳಿ ಮಗಳಿಗೆ ಕೊಡಲು ಹಣವಿರಲಿಲ್ಲ, ಭೂಮಿಯಿರಲಿಲ್ಲ. ಕೊಟ್ಟದ್ದು ಒಪ್ಪಿಗೆ ಮಾತ್ರ. ಅಷ್ಟನ್ನು ಕೊಡಲು ನಮ್ಮಲ್ಲಿ ಯಾರೂ ಬಡವರಲ್ಲ.