ಚಳಿಗಾಲದ ಸೈಕಲ್ ಸವಾರಿ: ಗಾಲಿಯ ಗಾಳಿ ಹೋಗುವುದೇಕೆ?

ಡಿಸೆಂಬರ್ ತಿಂಗಳಿನಲ್ಲಿ ರೋಣ ತಾಲ್ಲೂಕಿನ ಮೆಣಸಗಿಯಂತಹ ಊರಿನಿಂದ ಬೆಳಿಗ್ಗೆ ಶಾಲೆಗೋ ಹೊಲಕ್ಕೋ ಹೊರಡುವವರನ್ನು ಗಮನಿಸಿ. ಸಂಜೆ ಗಟ್ಟಿಯಾಗಿದ್ದ ಸೈಕಲ್ಲಿನ ಗಾಲಿ ಬೆಳಗಾಗುವಷ್ಟರಲ್ಲಿ ಮೆತ್ತಗಾಗಿದ್ದರೆ, "ಚಳಿಗೆ ಗಾಳಿ ಇಳಿದಿದೆ" ಎಂದು ನಾಲ್ಕು ಸಲ ಪಂಪು ಒತ್ತಿ ಹೊರಟುಬಿಡುವವರೇ ಹೆಚ್ಚು. ಊರು ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಗಾಲಿ ಪೂರ್ತಿ ಕುಳಿತಿರುತ್ತದೆ. ಇನ್ನೂ 6 ಕಿಲೋಮೀಟರ್ ದಾರಿ ಉಳಿದಿದೆ ಎಂದಿಟ್ಟುಕೊಳ್ಳಿ. ಗಂಟೆಗೆ 12 ಕಿಲೋಮೀಟರ್ ವೇಗದ ಸೈಕಲ್ಲಿಗೆ ಅದು ಅರ್ಧ ಗಂಟೆಯ ದಾರಿ. ಸೈಕಲ್ ನೂಕುತ್ತ ಗಂಟೆಗೆ 4 ಕಿಲೋಮೀಟರ್ ನಡೆಯುವವರಿಗೆ ಒಂದೂವರೆ ಗಂಟೆಯ ದಾರಿ. ಮೊದಲ ಪಾಠ ತಪ್ಪಿತೆಂದೇ ಲೆಕ್ಕ.

ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಿಸುವ ಯೋಜನೆ ಆರಂಭಿಸಿದ್ದು ಇಂತಹ ದೂರಗಳನ್ನು ಕಿರಿದಾಗಿಸಲೆಂದೇ. ಆದರೆ ಗಾಲಿಯಲ್ಲಿ ಗಾಳಿ ಇರುವವರೆಗೆ ಮಾತ್ರ ಸೈಕಲ್ ದೂರವನ್ನು ಕಿರಿದಾಗಿಸೀತು. ಆದ್ದರಿಂದ ಚಳಿಯ ಮೇಲಿನ ಈ ಆರೋಪ ಎಷ್ಟು ನಿಜವೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ಚಳಿ ಎಷ್ಟು ಗಾಳಿ ಇಳಿಸುತ್ತದೆ?

ಗಾತ್ರ ಬದಲಾಗದಿದ್ದಾಗ ಅನಿಲದ ಒತ್ತಡ ಅದರ ನಿರಪೇಕ್ಷ ತಾಪಕ್ಕೆ ಅನುಪಾತದಲ್ಲಿರುತ್ತದೆ. ಟ್ಯೂಬನ್ನು ಟೈರು ಬಿಗಿಯಾಗಿ ಹಿಡಿದಿರುವುದರಿಂದ ಅದರ ಗಾತ್ರ ಹೆಚ್ಚುಕಡಿಮೆ ಸ್ಥಿರವೆನ್ನಬಹುದು. ಸಂಜೆಯ ತಾಪ 31 ಡಿಗ್ರಿ ಸೆಲ್ಸಿಯಸ್ (304 ಕೆಲ್ವಿನ್), ಬೆಳಗಿನ ಜಾವದ ತಾಪ 15 ಡಿಗ್ರಿ (288 ಕೆಲ್ವಿನ್) ಇರಲಿ. ಒತ್ತಡಮಾಪಕವು ಸಂಜೆ 3 ವಾಯುಭಾರ ತೋರಿಸಿತ್ತು ಎನ್ನೋಣ.

ಇಲ್ಲಿ ವಿದ್ಯಾರ್ಥಿಗಳು ಎಚ್ಚರ ವಹಿಸಬೇಕು. ಮಾಪಕ ತೋರಿಸುವುದು ಹೊರಗಿನ ವಾತಾವರಣಕ್ಕಿಂತ ಒಳಗೆ ಎಷ್ಟು ಹೆಚ್ಚು ಒತ್ತಡವಿದೆ ಎಂಬುದನ್ನು. ಸೂತ್ರಕ್ಕೆ ಬೇಕಾದದ್ದು ಒಟ್ಟು ಒತ್ತಡ, ಅಂದರೆ 4 ವಾಯುಭಾರ. ಇದನ್ನು 288ರಿಂದ ಗುಣಿಸಿ 304ರಿಂದ ಭಾಗಿಸಿದರೆ ಸುಮಾರು 3.79 ಬರುತ್ತದೆ. ಮಾಪಕವು ಬೆಳಿಗ್ಗೆ 2.79 ತೋರಿಸಬೇಕು. ಇಳಿಕೆ ಶೇಕಡಾ 7 ಮಾತ್ರ. ಹೆಬ್ಬೆರಳಿನಿಂದ ಒತ್ತಿ ನೋಡುವವರಿಗೆ ಇದು ತಿಳಿಯುವುದೂ ಕಷ್ಟ.

ರಬ್ಬರಿನ ಅಣುಗಳ ನಡುವಿನಿಂದಲೂ ಗಾಳಿ ನಿಧಾನವಾಗಿ ಹೊರಗೆ ನುಸುಳುತ್ತಿರುತ್ತದೆ. ಆದರೆ ತಾಪ ಕಡಿಮೆಯಾದಂತೆ ಈ ವಿಸರಣೆಯ ವೇಗವೂ ಕುಗ್ಗುತ್ತದೆ. ಹೀಗಾಗಿ ಒಂದೇ ರಾತ್ರಿಯಲ್ಲಿ ಗಾಲಿ ಮೆತ್ತಗಾದರೆ ಎಲ್ಲೋ ತೂತಿದೆ ಎಂದೇ ತಿಳಿಯಬೇಕು. ಅದನ್ನು ಮನೆಯಂಗಳದಲ್ಲೇ ಹುಡುಕುವುದು ಲೇಸು. ನಿರ್ಜನ ರಸ್ತೆಯಲ್ಲಿ ಹುಡುಕುವುದು ಬಹಳ ಕಷ್ಟ.

ಮುಳ್ಳಿನ ಬಲ

ಚಳಿಗಾಲವು ಬೇರೆ ದಾರಿಯಿಂದ ಗಾಲಿಗೆ ತೊಂದರೆ ಕೊಡುತ್ತದೆ. ಮಳೆಗಾಲದಲ್ಲಿ ಹಸಿಯಾಗಿದ್ದ ನೆಗ್ಗಿಲ ಕಾಯಿ ಈ ವೇಳೆಗೆ ಒಣಗಿ, ಐದು ಹೋಳುಗಳಾಗಿ ಒಡೆದು ದಾರಿಯಲ್ಲಿ ಚೆಲ್ಲಿರುತ್ತದೆ. ಪ್ರತಿ ಹೋಳಿಗೂ ಗಡುಸಾದ ಮುಳ್ಳುಗಳಿರುವುದರಿಂದ ಅದು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿರುವ ಸಂಭವ ಹೆಚ್ಚು. ಹೊಲದ ಬೇಲಿಗೆಂದು ಕಡಿದು ಎಳೆದೊಯ್ದ ಜಾಲಿಯ ಮುಳ್ಳುಗಳೂ ಇದರ ಜೊತೆಗೆ ಸೇರುತ್ತವೆ. ಹಸಿ ಎರೆ ಮಣ್ಣಿನಲ್ಲಾದರೆ ಗಾಲಿಯ ಭಾರಕ್ಕೆ ಮುಳ್ಳು ಕೆಳಗೆ ಹುದುಗಿಹೋಗುತ್ತದೆ. ಅದೇ ಮಣ್ಣು ಒಣಗಿ ಕಲ್ಲಿನಂತಾದಾಗ ಮುಳ್ಳಿಗೆ ಕೆಳಗೆ ಜಾಗವಿಲ್ಲ. ಅದು ಟೈರಿನೊಳಗೇ ಹೋಗಬೇಕು.

ಮುಳ್ಳಿನ ತುದಿಯ ವಿಸ್ತೀರ್ಣ ಚದರ ಮಿಲಿಮೀಟರಿನ ನೂರನೆಯ ಒಂದು ಭಾಗ ಎಂದಿಟ್ಟುಕೊಳ್ಳಿ. ಅದರ ಮೇಲೆ ಕೇವಲ 10 ನ್ಯೂಟನ್ ಬಲ, ಅಂದರೆ ಸುಮಾರು ಒಂದು ಕಿಲೋಗ್ರಾಂ ತೂಕ ಬಿದ್ದರೂ ಒತ್ತಡ 100 ಕೋಟಿ ಪಾಸ್ಕಲ್ ಆಗುತ್ತದೆ. ಅದು ವಾತಾವರಣದ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು. ರಬ್ಬರು ಇದನ್ನು ತಡೆಯಲಾರದು.

ಮೆತ್ತಗಿನ ಗಾಲಿಗೆ ಅಪಾಯ ಹೆಚ್ಚು

ಗಾಳಿ ಕಡಿಮೆಯಿದ್ದರೆ ಮುಳ್ಳು ಚುಚ್ಚುವುದಿಲ್ಲ ಎಂದು ಕೆಲವರು ಭಾವಿಸುತ್ತಾರೆ. ಇದನ್ನೂ ಪರೀಕ್ಷಿಸೋಣ. ಹಿಂದಿನ ಗಾಲಿಯ ಮೇಲೆ 600 ನ್ಯೂಟನ್ ಭಾರವಿದ್ದು, ಮಾಪಕದ ಒತ್ತಡ 3 ಲಕ್ಷ ಪಾಸ್ಕಲ್ ಇದ್ದರೆ, ಟೈರಿನ ಸ್ವಂತ ಬಿಗುವನ್ನು ಕಡೆಗಣಿಸಿದಾಗ ನೆಲಕ್ಕೆ ತಾಗುವ ಭಾಗ ಸುಮಾರು 20 ಚದರ ಸೆಂಟಿಮೀಟರ್. ಒತ್ತಡ ಅರ್ಧಕ್ಕಿಳಿದರೆ ಅದು 40 ಚದರ ಸೆಂಟಿಮೀಟರ್ ಆಗುತ್ತದೆ. ನೆಲವನ್ನು ಹೆಚ್ಚು ಅಗಲವಾಗಿ ಸವರುವ ಗಾಲಿ ಹೆಚ್ಚು ಮುಳ್ಳುಗಳನ್ನು ಎದುರಿಸುತ್ತದೆ. ಅಲ್ಲದೆ ಕಲ್ಲಿನ ಮೇಲೆ ಹಾಯುವಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿ ಜಜ್ಜಿಹೋಗುತ್ತದೆ. ಕ್ಯಾರಿಯರಿನ ಮೇಲೆ ಗೆಳೆಯನನ್ನು ಕೂರಿಸಿಕೊಂಡಾಗ ಈ ಅಪಾಯ ಇನ್ನೂ ಹೆಚ್ಚು.

ತೂತು ಇರುವ ಜಾಗವೇ ಅದರ ಕಾರಣವನ್ನು ಹೇಳುತ್ತದೆ. ಟ್ಯೂಬಿನ ಹೊರಮೈಯಲ್ಲಿ ಒಂದೇ ತೂತಿದ್ದರೆ ಮುಳ್ಳು. ಅಕ್ಕಪಕ್ಕ ಎರಡು ಸೀಳುಗಳಿದ್ದರೆ ಗಾಳಿ ಕಡಿಮೆಯಿದ್ದು ರಿಮ್ ಜಜ್ಜಿದೆ. ರಿಮ್ಮಿನ ಕಡೆಗೆ ತೂತಿದ್ದರೆ ಅಲ್ಲಿ ಸ್ಪೋಕ್ ಕಡ್ಡಿಯ ತುದಿ ಹೊರಚಾಚಿರಬಹುದು. ಟ್ಯೂಬಿನಲ್ಲಿ ಎಲ್ಲೂ ತೂತಿಲ್ಲದಿದ್ದರೆ ವಾಲ್‌ಟ್ಯೂಬ್ ನೋಡಿ. ಈ ಪುಟ್ಟ ರಬ್ಬರು ನಳಿಕೆ ಹಳತಾದಂತೆ ಬಿರುಕು ಬಿಡುತ್ತದೆ. ವಾಲ್ವಿನ ಬಾಯಿಗೆ ಒಂದು ಹನಿ ನೀರು ಹಚ್ಚಿದರೆ ಗುಳ್ಳೆ ಏಳುವುದರಿಂದ ಇದು ತಿಳಿಯುತ್ತದೆ. ಗಾಲಿ ಮೆತ್ತಗಾದಾಗ ಮೊದಲು ನೋಡಬೇಕಾದದ್ದೂ ಇದನ್ನೇ, ಏಕೆಂದರೆ ಇದಕ್ಕೆ ಟೈರು ಬಿಚ್ಚಬೇಕಾಗಿಲ್ಲ.

ಚಳಿಯಲ್ಲಿ ಪ್ಯಾಚ್ ಹಾಕುವುದು

ಗಾಳಿ ತುಂಬಿದ ಟೈರಿಗೆ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದರು. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಡನ್‌ಲಪ್ 1888ರಲ್ಲಿ ಅದನ್ನು ಮತ್ತೆ ರೂಪಿಸಿ ಸೈಕಲ್ಲಿಗೆ ತಂದರು. ಆದರೆ ಆಗ ಟೈರನ್ನು ರಿಮ್ಮಿಗೆ ಅಂಟಿಸುತ್ತಿದ್ದುದರಿಂದ ಪಂಚರ್ ಹಾಕುವುದು ಗಂಟೆಗಟ್ಟಲೆಯ ಕೆಲಸವಾಗಿತ್ತು. ಫ್ರಾನ್ಸಿನ ಮಿಶೆಲಿನ್ ಸಹೋದರರು ಸುಲಭವಾಗಿ ಬಿಚ್ಚಬಹುದಾದ ಟೈರನ್ನು ತಂದರು. 1891ರ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸ್ಪರ್ಧೆಯನ್ನು ಶಾರ್ಲ್ ತೆರೋಂ ಗೆದ್ದದ್ದು ಈ ಟೈರಿನ ಮೇಲೆ. ದಾರಿಯಲ್ಲೇ ದುರಸ್ತಿ ಮಾಡಿಕೊಳ್ಳುವ ಈ ಸೌಲಭ್ಯ ಇಂದು ಪ್ರತಿ ಸೈಕಲ್ಲಿನಲ್ಲೂ ಇದೆ. ಬೇಕಾದ ಸಾಮಾನು ನಮ್ಮ ಬಳಿ ಇರಬೇಕು, ಅಷ್ಟೆ.

ಸಲ್ಯೂಷನ್ ಎಂದರೆ ಪೆಟ್ರೋಲಿಯಂ ದ್ರಾವಕದಲ್ಲಿ ಕರಗಿಸಿದ ರಬ್ಬರು. ಹಚ್ಚಿದ ಬಳಿಕ ದ್ರಾವಕ ಆವಿಯಾಗಿ ಹೋದರೆ ಮಾತ್ರ ರಬ್ಬರಿನ ಪದರಗಳು ಒಂದಕ್ಕೊಂದು ಬೆಸೆಯುತ್ತವೆ. ಬೇಸಿಗೆಯಲ್ಲಿ ಎರಡು ಮೂರು ನಿಮಿಷದಲ್ಲಿ ಆರುವ ಸಲ್ಯೂಷನ್ನಿಗೆ ಚಳಿಯ ಬೆಳಗಿನಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು. ಅವಸರ ಪಟ್ಟು ಹಸಿಯಾಗಿರುವಾಗಲೇ ಪ್ಯಾಚ್ ಒತ್ತಿದರೆ ಅದು ಸ್ವಲ್ಪ ದೂರದಲ್ಲೇ ಬಿಟ್ಟುಕೊಳ್ಳುತ್ತದೆ. ಬೇಗ ಆರಲೆಂದು ಬಾಯಿಂದ ಊದುವುದೂ ಸರಿಯಲ್ಲ. ನಮ್ಮ ಉಸಿರಿನಲ್ಲಿ ನೀರಾವಿ ತುಂಬಿದೆ. ತಣ್ಣಗಿನ ಟ್ಯೂಬಿನ ಮೇಲೆ ಅದು ಸಾಂದ್ರೀಕರಿಸಿ ಕಣ್ಣಿಗೆ ಕಾಣದ ನೀರಿನ ಪದರವಾಗುತ್ತದೆ. ಬೆಂಕಿ ತೋರಿಸಿ ಒಣಗಿಸುವುದಂತೂ ಕೂಡದು; ಆ ದ್ರಾವಕ ಥಟ್ಟನೆ ಹೊತ್ತಿಕೊಳ್ಳುತ್ತದೆ.

ಇಬ್ಬನಿಯಲ್ಲಿ ನೆಂದ ಟ್ಯೂಬನ್ನು ಮೊದಲು ಒಣ ಬಟ್ಟೆಯಿಂದ ಒರೆಸಿ, ಉಜ್ಜುಕಾಗದದಿಂದ ತಿಕ್ಕಿ, ಸಲ್ಯೂಷನ್ ತೆಳುವಾಗಿ ಹಚ್ಚಿ, ಬೆರಳಿಗೆ ಒದ್ದೆ ತಾಗದಷ್ಟು ಆರಿದ ಮೇಲೆ ಪ್ಯಾಚ್ ಒತ್ತಿರಿ. ಆರುವ ಹೊತ್ತಿನಲ್ಲಿ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ನೋಡಿ. ಅಲ್ಲಿಯೇ ಉಳಿದ ಮುಳ್ಳು ಎರಡನೆಯ ಪಂಚರಿಗೆ ಕಾರಣವಾಗುತ್ತದೆ.

ಜೊತೆಯಲ್ಲಿರಬೇಕಾದವು ಹೆಚ್ಚೇನಿಲ್ಲ: ಪ್ಯಾಚುಗಳು, ಸಲ್ಯೂಷನ್, ಉಜ್ಜುಕಾಗದ, ಒಣ ಬಟ್ಟೆ, ಎರಡಂಗುಲ ವಾಲ್‌ಟ್ಯೂಬ್, ಪಾನಾ, ಟೈರು ಎಬ್ಬಿಸುವ ಎರಡು ಪಟ್ಟಿ ಮತ್ತು ಸಣ್ಣ ಪಂಪು. ಸಲ್ಯೂಷನ್ನನ್ನು ಅಂಗಿಯ ಜೇಬಿನಲ್ಲಿಟ್ಟರೆ ಮೈ ಬಿಸಿಗೆ ತೆಳುವಾಗಿರುತ್ತದೆ. ಡಿಸೆಂಬರ್ ಕೊನೆಯಲ್ಲಿ ಈ ಭಾಗದಲ್ಲಿ ಸೂರ್ಯೋದಯವಾಗುವುದು ಸುಮಾರು 6.50ಕ್ಕೆ. ಅದಕ್ಕೆ ಮೊದಲೇ ಹೊರಡುವವರಿಗೆ ಟಾರ್ಚೂ ಬೇಕು.

ಶಿಕ್ಷಕರು ಇದನ್ನು ತರಗತಿಯ ಪ್ರಯೋಗವಾಗಿಸಬಹುದು. ಟೈರಿಗೆ ಶಾಯಿ ಹಚ್ಚಿ, ವಿದ್ಯಾರ್ಥಿ ಸೈಕಲ್ ಮೇಲೆ ಕುಳಿತಿರುವಾಗ ಗಾಲಿಯ ಅಚ್ಚನ್ನು ಗ್ರಾಫ್ ಕಾಗದದ ಮೇಲೆ ಪಡೆಯಿರಿ. ಚೌಕಗಳನ್ನೆಣಿಸಿದರೆ ವಿಸ್ತೀರ್ಣ, ಗಾಲಿಯನ್ನು ತೂಕದ ಯಂತ್ರದ ಮೇಲಿಟ್ಟರೆ ಭಾರ ಸಿಗುತ್ತದೆ. ಎರಡನ್ನೂ ಭಾಗಿಸಿದರೆ ಮಾಪಕವಿಲ್ಲದೆಯೇ ಒತ್ತಡದ ಅಂದಾಜು ದೊರೆಯುತ್ತದೆ. ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಅಚ್ಚು ತೆಗೆಯಿರಿ. ವ್ಯತ್ಯಾಸ ಶೇಕಡಾ 7ಕ್ಕಿಂತ ಬಹಳ ಹೆಚ್ಚಿದ್ದರೆ ಆ ಸೈಕಲ್ಲನ್ನು ಅಲ್ಲೇ ನಿಲ್ಲಿಸಿ, ಬಕೆಟ್ಟಿನಲ್ಲಿ ನೀರು ತಂದು ತೂತನ್ನು ಹುಡುಕಿ.